ಇಲ್ಲಂ ಬೇರೆ, ಅಕ್ಷರ ಒಂದೇ

ನನ್ನ ತಂಗಿಗೆ ಹತ್ತನೇ ಕ್ಲಾಸಿನಿಂದಲೂ "ರಕ್ತ ಕಡಿಮೆ". ಯಾವ ಡಾಕ್ಟರ ಹತ್ತಿರ ಹೋದರೂ ಅದೇ ಮಾತು, ಅದೇ ಕೆಂಪು ಮಾತ್ರೆ. ಎಂಟು ವರ್ಷ ಕಬ್ಬಿಣದ ಮಾತ್ರೆ ನುಂಗಿದ್ದಾಳೆ. ಉಮ್ಮ ಖರ್ಜೂರ ನೆನೆಸಿ ಕೊಟ್ಟರು, ಬೀಟ್‌ರೂಟ್ ಅರೆದು ಕೊಟ್ಟರು, ಊರಿಂದ ಬಂದವರು ಹೇಳಿದ ಕಷಾಯವನ್ನೂ ಕುಡಿಸಿದರು. ಹಿಮೋಗ್ಲೋಬಿನ್ ಹತ್ತರ ಆಸುಪಾಸು ಬಿಟ್ಟು ಕದಲಲಿಲ್ಲ. ಮಾತ್ರೆ ಸರಿಯಾಗಿ ತಿನ್ನುವುದಿಲ್ಲ ಎಂದು ನಾವೆಲ್ಲ ಅವಳನ್ನೇ ಬೈದೆವು. ಅವಳು ತಿನ್ನುತ್ತಿದ್ದಳು.

ಇದನ್ನು ಬರೆಯಬಹುದಾ ಎಂದು ತಂಗಿಯನ್ನು ಕೇಳಿಯೇ ಬರೆಯುತ್ತಿದ್ದೇನೆ. "ಹೆಸರು ಹಾಕಬೇಡ, ಉಳಿದದ್ದು ಎಲ್ಲಾ ಹಾಕು" ಎಂದಳು.

ನಮ್ಮ ಉಪ್ಪ ಬಂಟ್ವಾಳದ ಕಡೆಯವರು. ಮದುವೆಯಾದ ಮೇಲೆ ಚಪ್ಪಲಿ ಅಂಗಡಿ ಹಾಕಲು ರಾಯದುರ್ಗಕ್ಕೆ ಬಂದರು. ಆಂಧ್ರದ ಅನಂತಪುರ ಜಿಲ್ಲೆಯಾದರೂ ಅಲ್ಲಿ ಕನ್ನಡಕ್ಕೆ ಬರಗಾಲ ಇಲ್ಲ, ಕನ್ನಡ ಮೀಡಿಯಂ ಶಾಲೆಯೂ ಇದೆ. ಮನೆಯೊಳಗೆ ಬ್ಯಾರಿ, ಪಕ್ಕದ ಮನೆಯವರ ಜೊತೆ ಕನ್ನಡ, ಅಂಗಡಿಯ ಗಲ್ಲಾದಲ್ಲಿ ತೆಲುಗು, ಪಳ್ಳಿಯಲ್ಲಿ ಉರ್ದು. ಉಪ್ಪನ ವ್ಯಾಪಾರ ಕೈಹಿಡಿದದ್ದು ನೋಡಿ ಉಮ್ಮನ ತಮ್ಮ, ನಮ್ಮ ಮಾಮ, ಮಡಕಶಿರಾದಲ್ಲಿ ಫ್ಯಾನ್ಸಿ ಸ್ಟೋರ್ ಇಟ್ಟರು. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ರಾಯದುರ್ಗದ ಜೀನ್ಸ್ ಯೂನಿಟ್‌ಗಳಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡಿಕೊಂಡಿದ್ದೇನೆ.

ತಂಗಿಯನ್ನು ಮಾಮನ ಮಗನಿಗೆ ಕೊಡುವುದು ಎಂದು ಇಬ್ಬರೂ ಚಿಕ್ಕವರಿದ್ದಾಗಲೇ ಮಾತಾಗಿತ್ತು. ಇಲ್ಲಂ ಲೆಕ್ಕ ನೋಡಿದರೂ ಅಡ್ಡಿ ಇಲ್ಲ. ನಮ್ಮಲ್ಲಿ ಇಲ್ಲಂ ಬರುವುದು ಉಮ್ಮನಿಂದ, ಒಂದೇ ಇಲ್ಲಂನವರು ಮದುವೆಯಾಗಬಾರದು ಎಂಬುದು ಹಳಬರ ಕಟ್ಟಳೆ. ತಂಗಿಯದು ಉಮ್ಮನ ಇಲ್ಲಂ, ಮಾಮನ ಮಗನದು ಅವನ ಉಮ್ಮನ ಇಲ್ಲಂ. ಬೇರೆ ಬೇರೆ. ದೂರದಲ್ಲಿ ಒಂಟಿಯಾಗಿ ವ್ಯಾಪಾರ ಮಾಡುವ ಎರಡು ಮನೆಗಳಿಗೆ ಇದಕ್ಕಿಂತ ಒಳ್ಳೆಯ ಸಂಬಂಧ ಎಲ್ಲಿ ಸಿಗುತ್ತದೆ?

2022ರ ಎಪ್ರಿಲ್‌ನ ನೋಂಬಿನಲ್ಲಿ, ರಾಯದುರ್ಗದ ಆ ಬಿಸಿಲಿಗೆ, ತಂಗಿ ಮಧ್ಯಾಹ್ನ ಅಡಿಗೆ ಮನೆಯಲ್ಲಿ ತಲೆಸುತ್ತಿ ಬಿದ್ದಳು. ಬಳ್ಳಾರಿಗೆ ಕರೆದುಕೊಂಡು ಹೋದೆವು. ಅಲ್ಲಿನ ಲೇಡಿ ಡಾಕ್ಟರ್ ರಿಪೋರ್ಟ್ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದರು. ಹಿಮೋಗ್ಲೋಬಿನ್ 10.2. ಕೆಂಪು ರಕ್ತಕಣದ ಸರಾಸರಿ ಗಾತ್ರ, ಅಂದರೆ ಎಂಸಿವಿ, 64. ಇರಬೇಕಾದ್ದು 80ಕ್ಕಿಂತ ಹೆಚ್ಚು. ಆದರೆ ಕಣಗಳ ಸಂಖ್ಯೆ 56 ಲಕ್ಷ. "ಕಬ್ಬಿಣ ಕಡಿಮೆಯಾದರೆ ಕಣಗಳ ಸಂಖ್ಯೆಯೂ ಕಡಿಮೆಯಾಗುತ್ತದೆ. ಇವರಿಗೆ ಕಣ ಬೇಕಾದಷ್ಟಿದೆ, ಒಂದೊಂದೂ ಸಣ್ಣದು" ಎಂದು 64ನ್ನು 5.6ರಿಂದ ಭಾಗಿಸಿ 11.4 ಎಂದು ಬರೆದರು. 13ಕ್ಕಿಂತ ಕಡಿಮೆ ಬಂದರೆ ಥಲಸ್ಸೀಮಿಯಾದ ಅನುಮಾನವಂತೆ. ಕ್ಯಾಲ್ಕುಲೇಟರ್‌ನಲ್ಲಿ ಎರಡು ಸೆಕೆಂಡಿನ ಲೆಕ್ಕ. ಎಂಟು ವರ್ಷದಲ್ಲಿ ಯಾರೂ ಮಾಡಿರಲಿಲ್ಲ.

ಎಚ್‌ಪಿಎಲ್‌ಸಿ ಎಂಬ ಪರೀಕ್ಷೆಗೆ ರಕ್ತ ಹೋಯಿತು. ಹಿಮೋಗ್ಲೋಬಿನ್ ಎ2 ಎಂಬ ಬಗೆ 5.2 ಶೇಕಡಾ. ಸಾಮಾನ್ಯರಲ್ಲಿ 3.5 ದಾಟುವುದಿಲ್ಲ. ತಂಗಿ ಬೀಟಾ ಥಲಸ್ಸೀಮಿಯಾದ ಕ್ಯಾರಿಯರ್. ಅಂದರೆ ರೋಗಿ ಅಲ್ಲ. ಎರಡು ಜೀನ್‌ಗಳಲ್ಲಿ ಒಂದು ಸರಿ, ಒಂದು ಕೆಟ್ಟದ್ದು. ಸರಿಯಾದ ಒಂದರಲ್ಲೇ ಬದುಕು ಸಾಗುತ್ತದೆ, ಸ್ವಲ್ಪ ರಕ್ತ ಕಡಿಮೆ, ಅಷ್ಟೇ. ಇಬ್ಬರು ಕ್ಯಾರಿಯರ್‌ಗಳು ಮದುವೆಯಾದರೆ ಮಾತ್ರ ಕಷ್ಟ. ಪ್ರತಿ ಬಸಿರಿನಲ್ಲೂ ಮಗುವಿಗೆ ಎರಡೂ ಕೆಟ್ಟ ಜೀನ್ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹಾಗೆ ಬಂದ ಮಗುವಿಗೆ ಮೂರು-ನಾಲ್ಕು ವಾರಕ್ಕೊಮ್ಮೆ ರಕ್ತ ಏರಿಸಬೇಕು, ಜೀವನ ಪೂರ್ತಿ.

ಥಲಸ್ಸಾ ಎಂದರೆ ಗ್ರೀಕ್ ಭಾಷೆಯಲ್ಲಿ ಕಡಲು. ಮೆಡಿಟರೇನಿಯನ್ ಕಡಲ ಸುತ್ತಿನವರಲ್ಲಿ ಹೆಚ್ಚು ಕಂಡದ್ದಕ್ಕೆ ಆ ಹೆಸರು ಬಂತು. ಮಲೇರಿಯಾ ಇದ್ದ ನಾಡುಗಳಲ್ಲಿ ಕ್ಯಾರಿಯರ್‌ಗಳು ಮಲೇರಿಯಾವನ್ನು ತಡೆದುಕೊಂಡು ಉಳಿದರು, ಹಾಗಾಗಿ ಈ ಕೆಟ್ಟ ಅಕ್ಷರವೂ ಅವರ ಜೊತೆ ಉಳಿಯಿತು. ಮಂಗಳೂರಿನ ಮಲೇರಿಯಾ ಗೊತ್ತಿರುವ ನಮಗೆ ಇದು ವಿಚಿತ್ರ ಅನ್ನಿಸಬಾರದು. ಭಾರತದಲ್ಲಿ ನೂರರಲ್ಲಿ ಮೂರು-ನಾಲ್ಕು ಮಂದಿ ಕ್ಯಾರಿಯರ್‌ಗಳು. ಯಾವ ಒಂದು ಜಾತಿಯ, ಒಂದು ಧರ್ಮದ ಸೊತ್ತೂ ಅಲ್ಲ.

ಡಾಕ್ಟರ್ ಹೇಳಿದಂತೆ ಮನೆಯವರೆಲ್ಲ ರಕ್ತ ಕೊಟ್ಟೆವು. ಉಪ್ಪನಿಗೆ ಇಲ್ಲ. ಉಮ್ಮನಿಗೆ ಇದೆ. ನನಗೂ ಇದೆ. ಮರುದಿನವೇ ನನ್ನ ಹೆಂಡತಿಯನ್ನು ಕರೆದುಕೊಂಡು ಓಡಿದೆ. ಅವಳಿಗೆ ಇಲ್ಲ, ಅಲ್ಹಂದುಲಿಲ್ಲಾಹ್. ಆ ಹೊತ್ತಿಗೆ ನಮಗೆ ಎರಡು ಮಕ್ಕಳಾಗಿದ್ದವು. ಎರಡು ಸಲ ಕಣ್ಣು ಮುಚ್ಚಿ ರಸ್ತೆ ದಾಟಿದ್ದೆ ಅಂತಲೇ ಲೆಕ್ಕ.

ಇನ್ನು ಮಾಮನ ಮನೆ. ಉಮ್ಮನಿಗೆ ಇದೆ ಎಂದ ಮೇಲೆ, ಅದು ಅವರ ಉಪ್ಪ-ಉಮ್ಮ ಇಬ್ಬರಲ್ಲಿ ಒಬ್ಬರಿಂದ ಬಂದಿರಬೇಕು. ಹಾಗಾದರೆ ಒಡಹುಟ್ಟಿದ ಮಾಮನಿಗೆ ಇರುವ ಸಾಧ್ಯತೆ ಅರ್ಧ. ಮಾಮನ ಮಗನಿಗೆ ಕಾಲು. ಹೊರಗಿನ ಹುಡುಗನಾದರೆ ನೂರಕ್ಕೆ ಮೂರು-ನಾಲ್ಕು, ಇವನಿಗೆ ನೂರಕ್ಕೆ ಇಪ್ಪತ್ತೈದು. ಇಲ್ಲಂ ಬೇರೆ ಎಂದು ನಾವು ಸಮಾಧಾನ ಪಟ್ಟುಕೊಂಡಿದ್ದೆವಲ್ಲ, ರಕ್ತಕ್ಕೆ ಆ ಲೆಕ್ಕ ಗೊತ್ತಿಲ್ಲ. ಇಲ್ಲಂ ಹೆಣ್ಣಿನ ಸಾಲಿನಲ್ಲಿ ಮಾತ್ರ ಇಳಿಯುತ್ತದೆ, ಈ ಜೀನ್ ಗಂಡು ಹೆಣ್ಣು ನೋಡದೆ ಇಳಿಯುತ್ತದೆ.

ಉಮ್ಮ ಮೂರು ದಿನ ಮಾತಾಡಲಿಲ್ಲ. ನಾಲ್ಕನೇ ದಿನ ಮಗ್ಗಿಬ್ ಆದ ಮೇಲೆ ನನ್ನನ್ನು ಒಳಗೆ ಕರೆದು, "ನನ್ನ ತಮ್ಮನಿಗೆ ಹೇಳಬೇಡ" ಎಂದರು. "ಹೆಣ್ಣಿಗೆ ರಕ್ತದ ದೋಷ ಅಂತ ಊರೆಲ್ಲ ಆಗುತ್ತದೆ. ನಾಳೆ ಅವಳನ್ನು ಯಾರು ಕೇಳುತ್ತಾರೆ? ಅಲ್ಲಾಹ್ ಇದ್ದಾನೆ, ನಾಲ್ಕರಲ್ಲಿ ಮೂರು ಸರಿ ಬರುತ್ತದಲ್ಲ." ಉಪ್ಪ ಏನೂ ಹೇಳದೆ ಅಂಗಡಿಯ ಲೆಕ್ಕದ ಪುಸ್ತಕ ತಿರುವುತ್ತಿದ್ದರು. ನನಗೆ ಉಮ್ಮನ ಮೇಲೆ ಸಿಟ್ಟು ಬಂತು, ಪಾಪವೂ ಅನ್ನಿಸಿತು. ದೋಷ ತನ್ನಿಂದಲೇ ಮಗಳಿಗೆ ಹೋಯಿತು ಎಂಬುದು ಅವರನ್ನು ಒಳಗೆ ಕೊರೆಯುತ್ತಿತ್ತು. ಬಾಗಿಲ ಹಿಂದೆ ನಿಂತಿದ್ದ ತಂಗಿ ಹೊರಗೆ ಬಂದು, "ನೀನು ಹೋಗಿ ಹೇಳದಿದ್ದರೆ ನಾನೇ ಫೋನ್ ಮಾಡುತ್ತೇನೆ" ಎಂದಳು.

ಹಾಗಾಗಿ ನಾನು ಮಡಕಶಿರಾಕ್ಕೆ ಹೊರಟೆ. ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ, ಪಾವಗಡದಲ್ಲಿ ಮತ್ತೊಮ್ಮೆ. ಆಂಧ್ರದಿಂದ ಕರ್ನಾಟಕಕ್ಕೆ ಬಂದು ಮತ್ತೆ ಆಂಧ್ರಕ್ಕೆ ಹೋಗುವ ದಾರಿ ಅದು. ಇದೇ ದಾರಿಯಲ್ಲಿ ರಾಯದುರ್ಗ–ತುಮಕೂರು ರೈಲು ಬರುತ್ತದೆ ಎಂದು ನನ್ನ ಬಾಲ್ಯದಿಂದ ಕೇಳುತ್ತಿದ್ದೇನೆ. ಮಡಕಶಿರಾ ತಲುಪುವಾಗ ಸಂಜೆ. ಅದೇ ಎಪ್ರಿಲ್‌ನಲ್ಲಿ ಆ ಊರು ಅನಂತಪುರ ಬಿಟ್ಟು ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತ್ತು, ಮಾಮ ಅಂಗಡಿಯ ಬೋರ್ಡಿನಲ್ಲಿ ಜಿಲ್ಲೆಯ ಹೆಸರಿನ ಮೇಲೆ ಬಿಳಿ ಕಾಗದ ಅಂಟಿಸಿದ್ದರು.

ಗಿರಾಕಿ ಇಲ್ಲದ ಹೊತ್ತು ನೋಡಿ ಎಲ್ಲ ಹೇಳಿದೆ. ಎಚ್‌ಪಿಎಲ್‌ಸಿ ಮಾಡಿಸಬೇಕು, ಅದರಲ್ಲಿ ಬಂದರೆ ಡಿಎನ್‌ಎ ಪರೀಕ್ಷೆ, ಅದನ್ನು ಪಿಸಿಆರ್‌ನಲ್ಲಿ ಮಾಡುತ್ತಾರೆ ಎಂದೆ.

"ಪಿಸಿಆರ್ ಅಂದರೆ ಕೊರೋನಾದ್ದಲ್ಲವಾ? ಮತ್ತೆ ಮೂಗಿಗೆ ಕಡ್ಡಿ ಹಾಕುತ್ತಾರಾ?" ಎಂದರು ಮಾಮ. ಮಾಮಿ ಒಳಗಿಂದ ನಕ್ಕರು. ಆಮೇಲೆ ಯಾರೂ ನಗಲಿಲ್ಲ.

"ಎರಡು ಪರೀಕ್ಷೆ ಯಾಕೆ? ಒಂದರಲ್ಲಿ ಗೊತ್ತಾಗುವುದಿಲ್ಲವಾ?" ಎಂದು ಕೇಳಿದ್ದು ಮಾಮನ ಮಗ. ಅವನು ಬಿಕಾಂ. ಬಳ್ಳಾರಿಯ ಡಾಕ್ಟರ್ ನನಗೆ ಹೇಳಿದ್ದನ್ನು ನನ್ನ ಭಾಷೆಗೆ ತಿರುಗಿಸಿ ಅವನಿಗೆ ಹೇಳಿದೆ. ನಿಮಗೂ ಹಾಗೆಯೇ ಹೇಳುತ್ತೇನೆ.

ನಮ್ಮ ದೇಹದ ಡಿಎನ್‌ಎ ಸುಮಾರು 300 ಕೋಟಿ ಅಕ್ಷರಗಳ ಪುಸ್ತಕ. ಅಕ್ಷರ ನಾಲ್ಕೇ: ಎ, ಟಿ, ಜಿ, ಸಿ. ಅದರಲ್ಲಿ ಬೀಟಾ ಗ್ಲೋಬಿನ್ ಜೀನ್ ಎಂದರೆ ಹನ್ನೊಂದನೇ ಕ್ರೋಮೋಸೋಮ್‌ನಲ್ಲಿರುವ ಸುಮಾರು 1,600 ಅಕ್ಷರದ ಒಂದು ಪುಟ್ಟ ಭಾಗ. ಹಿಮೋಗ್ಲೋಬಿನ್‌ನ ಅರ್ಧ ಭಾಗ ತಯಾರಾಗುವುದು ಅದನ್ನು ನೋಡಿ. ಆ ಜೀನ್‌ನಲ್ಲಿ ಬೇಕಾದ ತುಂಡು ಮೂರು, ನಡುವೆ ಬೇಡದ ತುಂಡು ಎರಡು. ಜೀವಕೋಶ ಮೊದಲು ಪೂರ್ತಿ ನಕಲು ತೆಗೆದು, ಬೇಡದ್ದನ್ನು ಕತ್ತರಿಸಿ, ಬೇಕಾದ್ದನ್ನು ಜೋಡಿಸುತ್ತದೆ. ಜೀನ್ಸ್ ಯೂನಿಟ್‌ನಲ್ಲಿ ಕಟಿಂಗ್ ಮಾಸ್ಟರ್ ಸೀಮೆಸುಣ್ಣದ ಗೆರೆ ನೋಡಿ ಕತ್ತರಿ ಇಡುವ ಹಾಗೆ, ಇಲ್ಲಿ ಎಲ್ಲಿ ಕತ್ತರಿಸಬೇಕು ಎಂಬುದಕ್ಕೆ ಕೆಲವು ಅಕ್ಷರಗಳೇ ಗುರುತು. ಮೊದಲ ಬೇಡದ ತುಂಡಿನ ಐದನೇ ಅಕ್ಷರ ಜಿ ಇರಬೇಕು. ಅದು ಸಿ ಆಗಿಬಿಟ್ಟರೆ ಗೆರೆ ಮಸುಕಾಗುತ್ತದೆ, ಕತ್ತರಿ ತಪ್ಪು ಜಾಗದಲ್ಲಿ ಬೀಳುತ್ತದೆ, ಸರಿಯಾದ ಪೀಸು ಬಹಳ ಕಡಿಮೆ ಬರುತ್ತದೆ. ಐವಿಎಸ್ 1-5 ಎಂದು ಇದರ ಹೆಸರು. ಭಾರತದಲ್ಲಿ ಬೀಟಾ ಥಲಸ್ಸೀಮಿಯಾಕ್ಕೆ ಅತಿ ಹೆಚ್ಚು ಕಾರಣವಾಗುವುದು ಈ ಒಂದಕ್ಷರದ ತಪ್ಪು.

300 ಕೋಟಿ ಅಕ್ಷರದಲ್ಲಿ ಈ ಒಂದನ್ನು ಹುಡುಕುವುದು ಹೇಗೆ? ವರ್ಕ್‌ಶಾಪಿನಲ್ಲಿ ತೂತಿನ ಅಳತೆ ಸರಿಯಾ ಎಂದು ನೋಡಲು ಪ್ರತಿ ಸಲ ಮೈಕ್ರೋಮೀಟರ್ ಹಿಡಿದು ಕೂರುವುದಿಲ್ಲ. ಗೋ–ನೋಗೋ ಗೇಜ್ ಇರುತ್ತದೆ. ಒಂದು ತುದಿ ಒಳಗೆ ಹೋಗಬೇಕು, ಇನ್ನೊಂದು ಹೋಗಬಾರದು. ಅಷ್ಟರಲ್ಲಿ ಗೊತ್ತಾಗುತ್ತದೆ. ಡಿಎನ್‌ಎಗೂ ಅಂಥದೇ ಒಂದು ಗೇಜ್ ಮಾಡಿದ್ದಾರೆ.

ಪಿಸಿಆರ್ ಎಂದರೆ ಡಿಎನ್‌ಎಯ ಬೇಕಾದ ಭಾಗವನ್ನು ಮಾತ್ರ ಕೋಟಿಗಟ್ಟಲೆ ನಕಲು ಮಾಡುವುದು. ಅಮೆರಿಕದ ಕ್ಯಾರಿ ಮುಲ್ಲಿಸ್‌ಗೆ 1983ರಲ್ಲಿ ಹೊಳೆದದ್ದು, 1993ರಲ್ಲಿ ನೊಬೆಲ್ ಬಂತು. ಆ ವಿಧಾನ ಬಳಸಿ 1985ರಲ್ಲಿ ಬಂದ ಮೊದಲ ಲೇಖನವೇ ಈ ಬೀಟಾ ಗ್ಲೋಬಿನ್ ಜೀನ್‌ನ ಮೇಲೆ, ಸಿಕಲ್ ಸೆಲ್ ರೋಗದ ಒಂದಕ್ಷರದ ತಪ್ಪು ಹಿಡಿಯುವುದಕ್ಕೆ. ಸುಮಾರು 95 ಡಿಗ್ರಿಗೆ ಬಿಸಿ ಮಾಡಿದರೆ ಡಿಎನ್‌ಎಯ ಎರಡು ಎಳೆ ಬಿಡಿಸಿಕೊಳ್ಳುತ್ತವೆ. ತಣಿಸಿದರೆ ಪ್ರೈಮರ್ ಎಂಬ ಚಿಕ್ಕ ಎಳೆ ತನಗೆ ಹೊಂದುವ ಜಾಗದಲ್ಲಿ ಕೂರುತ್ತದೆ. 72 ಡಿಗ್ರಿಯಲ್ಲಿ ಟ್ಯಾಕ್ ಎಂಬ ಕಿಣ್ವ ಪ್ರೈಮರ್‌ನ ತುದಿಯಿಂದ ಮುಂದಕ್ಕೆ ಅಕ್ಷರ ಜೋಡಿಸುತ್ತದೆ. ಟ್ಯಾಕ್ ಸಿಕ್ಕಿದ್ದು ಅಮೆರಿಕದ ಯೆಲ್ಲೊಸ್ಟೋನ್ ಬಿಸಿನೀರಿನ ಬುಗ್ಗೆಯ ಬ್ಯಾಕ್ಟೀರಿಯಾದಲ್ಲಿ, ಅದಕ್ಕೇ ಅಷ್ಟು ಬಿಸಿಗೆ ಸಾಯುವುದಿಲ್ಲ. ಒಂದು ಸುತ್ತಿಗೆ ಒಂದು ಎರಡಾಗುತ್ತದೆ, ಎರಡು ನಾಲ್ಕು. 30 ಸುತ್ತಿಗೆ, ಎಲ್ಲ ಸರಿಯಾಗಿ ನಡೆದರೆ, ನೂರು ಕೋಟಿ ದಾಟುತ್ತದೆ.

ಗೇಜ್ ಇರುವುದು ಪ್ರೈಮರ್‌ನ ಕೊನೆಯ ಅಕ್ಷರದಲ್ಲಿ. ಜಾಕೆಟ್‌ನ ಜಿಪ್ ಹಾಕುವಾಗ ಕೆಳಗಿನ ಪಿನ್ ಸರಿಯಾಗಿ ಕೂರದಿದ್ದರೆ ಸ್ಲೈಡರ್ ಮೇಲೆ ಏರುವುದೇ ಇಲ್ಲವಲ್ಲ, ಹಾಗೆ. ಕೊನೆಯ ಅಕ್ಷರ ಹೊಂದಿದರೆ ಟ್ಯಾಕ್ ಹೊರಡುತ್ತದೆ. ಹೊಂದದಿದ್ದರೆ ಅದನ್ನು ಕಿತ್ತು ಸರಿಪಡಿಸುವ ಶಕ್ತಿ ಟ್ಯಾಕ್‌ಗೆ ಇಲ್ಲ, ನಿಂತುಬಿಡುತ್ತದೆ. ಆದ್ದರಿಂದ ಎರಡು ಟ್ಯೂಬ್ ಇಡುತ್ತಾರೆ. ಒಂದರಲ್ಲಿ ಸರಿ ಅಕ್ಷರಕ್ಕೆ ಹೊಂದುವ ಪ್ರೈಮರ್, ಇನ್ನೊಂದರಲ್ಲಿ ತಪ್ಪು ಅಕ್ಷರಕ್ಕೆ ಹೊಂದುವ ಪ್ರೈಮರ್. ಆಮೇಲೆ ಜೆಲ್‌ನಲ್ಲಿ ಕರೆಂಟ್ ಹಾಯಿಸಿ ಯಾವ ಟ್ಯೂಬ್‌ನಲ್ಲಿ ಗೆರೆ ಬಂತು ನೋಡುತ್ತಾರೆ. ಸರಿ ಟ್ಯೂಬ್‌ನಲ್ಲಿ ಮಾತ್ರ ಬಂದರೆ ಆ ತಪ್ಪು ಇಲ್ಲ. ಎರಡರಲ್ಲೂ ಬಂದರೆ ಕ್ಯಾರಿಯರ್. ತಪ್ಪು ಟ್ಯೂಬ್‌ನಲ್ಲಿ ಮಾತ್ರ ಬಂದರೆ ರೋಗ.

ನನಗೆ ಅತಿ ಹಿಡಿಸಿದ್ದು ಇನ್ನೊಂದು ವಿಷಯ. ಎರಡೂ ಟ್ಯೂಬ್‌ನಲ್ಲಿ ಮತ್ತೊಂದು ಜೋಡಿ ಪ್ರೈಮರ್ ಹಾಕಿರುತ್ತಾರೆ, ಅದರ ಗೆರೆ ಯಾರ ರಕ್ತವಾದರೂ ಬರಲೇಬೇಕು. ಅದು ಬಾರದಿದ್ದರೆ ಆ ಟ್ಯೂಬ್ ಕೆಲಸವೇ ಮಾಡಿಲ್ಲ ಎಂದರ್ಥ, "ಗೆರೆ ಇಲ್ಲ" ಎಂದು ಖುಷಿಪಡುವಂತಿಲ್ಲ. ಮಿಷನ್ ಆಫ್ ಇದ್ದಾಗ ಅದು ಸದ್ದು ಮಾಡುತ್ತಿಲ್ಲ, ರಿಪೇರಿಯಾಗಿದೆ ಎನ್ನುವ ಹೊಸ ಹುಡುಗರು ನಮ್ಮಲ್ಲೂ ಇದ್ದಾರೆ.

ಈ ವಿಧಾನಕ್ಕೆ ಆರ್ಮ್ಸ್ ಎಂದು ಹೆಸರು. ನ್ಯೂಟನ್ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದರು. ಮರುವರ್ಷವೇ ಜಾನ್ ಓಲ್ಡ್, ನಳಿನಿ ವರಾವಾಲಾ, ಡೇವಿಡ್ ವೆದರಾಲ್ ಎಂಬವರು ಇದನ್ನು ಬ್ರಿಟನ್‌ನಲ್ಲಿ ನೆಲೆಸಿದ್ದ ಭಾರತೀಯ ಮತ್ತು ಸೈಪ್ರಸ್ ಮೂಲದ ಕುಟುಂಬಗಳಲ್ಲಿ ಥಲಸ್ಸೀಮಿಯಾ ಹಿಡಿಯಲು ಬಳಸಿ ಲ್ಯಾನ್ಸೆಟ್‌ನಲ್ಲಿ ಬರೆದರು. ಬೀಟಾ ಥಲಸ್ಸೀಮಿಯಾ ತರುವ ತಪ್ಪುಗಳು ಜಗತ್ತಿನಲ್ಲಿ ಇನ್ನೂರಕ್ಕೂ ಹೆಚ್ಚು ಇದ್ದರೂ ಭಾರತೀಯರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಐದೇ ಐದು ತಪ್ಪುಗಳಿಂದ. ಹಾಗಾಗಿ ಐದು ಗೇಜ್ ಸಾಕು. ಐದರಲ್ಲೂ ಸಿಗದವರಿಗೆ ಮಾತ್ರ ಇಡೀ ಜೀನ್ ಓದಿಸಬೇಕು.

"ಸರಿ, ಆದರೆ ಕ್ಯಾರಿಯರ್ ಅಂತ ಮೊದಲನೇ ಪರೀಕ್ಷೆಯಲ್ಲೇ ಗೊತ್ತಾಯಿತಲ್ಲ. ಯಾವ ಅಕ್ಷರ ಅಂತ ತಿಳಿದು ಏನಾಗಬೇಕು?" ಎಂದ ಮಾಮನ ಮಗ. ಕೇಳಬೇಕಾದ ಪ್ರಶ್ನೆಯೇ. ಇಬ್ಬರಿಗೂ ಇದ್ದರೆ, ಬಸಿರಿನ ಹತ್ತು-ಹನ್ನೆರಡನೇ ವಾರದಲ್ಲಿ ಮಗುವಿನ ಮಾಸಿನಿಂದ ಚೂರು ತೆಗೆದು ಅದರ ಡಿಎನ್‌ಎ ನೋಡಬಹುದು. ಆದರೆ ಯಾವ ಅಕ್ಷರ ಹುಡುಕಬೇಕು ಎಂದು ಮೊದಲೇ ತಿಳಿದಿರಬೇಕು. ಉಪ್ಪ-ಉಮ್ಮನ ಅಕ್ಷರ ಗೊತ್ತಿಲ್ಲದೆ ಬಸಿರಾದ ಮೇಲೆ ಓಡಾಡಿದರೆ ವಾರಗಳು ಕೈಯಿಂದ ಜಾರುತ್ತವೆ.

ಹಿಂದೂಪುರದಲ್ಲಿ ಅವನ ರಕ್ತ ತೆಗೆದರು. ಎ2 4.9. ಆಮೇಲೆ ಅವನ ಮತ್ತು ತಂಗಿಯ ರಕ್ತ ಡಿಎನ್‌ಎ ಪರೀಕ್ಷೆಗೆ ಬೆಂಗಳೂರಿಗೆ ಹೋಯಿತು. ಮೂರು ವಾರದ ಮೇಲೆ ಎರಡು ರಿಪೋರ್ಟ್ ನನ್ನ ಮೊಬೈಲ್‌ಗೆ ಬಂದವು. ಹೆಸರು ಬೇರೆ, ವಯಸ್ಸು ಬೇರೆ, ಕೆಳಗಿನ ಸಾಲು ಒಂದೇ: ಐವಿಎಸ್ 1-5, ಜಿಯಿಂದ ಸಿ. ನಾನು ನೋಡದ ಅಜ್ಜನೋ ಅಜ್ಜಿಯೋ ಬಂಟ್ವಾಳದ ಕಡೆಯಿಂದ ಕೊಟ್ಟ ಒಂದೇ ಅಕ್ಷರ, ರಾಯದುರ್ಗಕ್ಕೂ ಮಡಕಶಿರಾಕ್ಕೂ ಬಸ್ಸು ಹತ್ತಿತ್ತು.

ಊರಿನ ಉಸ್ತಾದರಿಗೆ ಉಪ್ಪ ಫೋನ್ ಮಾಡಿದರು. ನಿಕಾಹ್‌ಗೆ ತಡೆ ಇಲ್ಲ ಎಂದರು ಅವರು. ಬಸಿರಿನ ಪರೀಕ್ಷೆಯ ವಿಷಯ ಕೇಳಿದಾಗ, ಮಕ್ಕಾದ ಫಿಕ್‌ಹ್ ಕೌನ್ಸಿಲ್ 1990ರಲ್ಲೇ, ಮಗುವಿಗೆ ಗುಣವಾಗದ ಗಂಭೀರ ತೊಂದರೆ ಇದೆ ಎಂದು ನಂಬಿಕಸ್ಥ ವೈದ್ಯರು ಖಚಿತಪಡಿಸಿದರೆ 120 ದಿನದ ಒಳಗೆ ಗರ್ಭ ತೆಗೆಸಲು ಉಪ್ಪ-ಉಮ್ಮ ಕೇಳಬಹುದು ಎಂದಿದೆ, ಆದರೆ ಎಲ್ಲ ಆಲಿಮರದ್ದೂ ಒಂದೇ ಅಭಿಪ್ರಾಯ ಅಲ್ಲ ಎಂದರು. "ಗೊತ್ತಾದ ಮೇಲೆ ಗೊತ್ತಿಲ್ಲದವರ ಹಾಗೆ ಮಾತ್ರ ಇರಬೇಡಿ" ಎಂದೂ ಹೇಳಿದರು. ಸೌದಿಯಲ್ಲಿ 2004ರಿಂದ ಮದುವೆಗೆ ಮೊದಲು ಈ ಪರೀಕ್ಷೆ ಕಡ್ಡಾಯ. ಗಲ್ಫ್‌ನಿಂದ ಸೆಂಟು, ಕಂಬಳಿ ತಂದ ನಾವು ಇದನ್ನು ತರಲಿಲ್ಲ ಎಂದು ನಾನು ಉಪ್ಪನಿಗೆ ಹೇಳಿದೆ. ಅವರಿಗೆ ಆ ತಮಾಷೆ ಹಿಡಿಸಲಿಲ್ಲ.

ತಂಗಿ ಒಂದೇ ಮಾತು ಕೇಳಿದಳು: ಅಂಥ ಮಕ್ಕಳನ್ನು ನೋಡಬೇಕು. ರಕ್ತ ಏರಿಸುವ ಒಂದು ವಾರ್ಡಿಗೆ ಕರೆದುಕೊಂಡು ಹೋದೆ. ಒಂಬತ್ತು ವರ್ಷದ ಹುಡುಗ ಕೈಗೆ ಸೂಜಿ ಚುಚ್ಚಿಸಿಕೊಂಡು, ಇನ್ನೊಂದು ಕೈಯಲ್ಲಿ ಮೊಬೈಲ್ ಗೇಮ್ ಆಡುತ್ತಿದ್ದ. ಅವನ ಅಮ್ಮ ಎಲ್ಲ ವಿವರವಾಗಿ ಹೇಳಿದರು. ಒಂದೊಂದು ಬಾಟಲಿ ರಕ್ತದ ಜೊತೆ ಕಬ್ಬಿಣವೂ ಒಳಗೆ ಹೋಗುತ್ತದೆ, ಅದನ್ನು ಹೊರಹಾಕಲು ದಿನಾ ಔಷಧಿ. ಇಲ್ಲದಿದ್ದರೆ ಹೃದಯ, ಲಿವರ್ ಕೆಡುತ್ತವೆ. ಅಸ್ಥಿಮಜ್ಜೆ ಬದಲಾಯಿಸಿದರೆ ಗುಣವಾಗುತ್ತದೆ, ಹೊಂದುವವರು ಸಿಗಬೇಕು. 2016ರ ಕಾಯ್ದೆಯಲ್ಲಿ ಥಲಸ್ಸೀಮಿಯಾವನ್ನು ಅಂಗವೈಕಲ್ಯದ ಪಟ್ಟಿಗೆ ಸೇರಿಸಿದ್ದಾರೆ, ಸರ್ಟಿಫಿಕೇಟ್ ಮಾಡಿಸಿದ್ದೇವೆ ಎಂದು ತೋರಿಸಿದರು. ಹುಡುಗ ತಂಗಿಯನ್ನು ನೋಡಿ, "ಅಕ್ಕಾ, ನಿಮಗೂ ಇವತ್ತಾ?" ಎಂದು ಕೇಳಿದ.

ಬಸ್ಸಿನಲ್ಲಿ ಅವಳು ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. ಇಳಿಯುವ ಮೊದಲು, "ಪ್ರತಿ ಸಲ ಮೂರು ತಿಂಗಳು ಹೆದರಿಕೊಂಡು, ಆಮೇಲೆ ತೀರ್ಮಾನ ಮಾಡುವ ಧೈರ್ಯ ನನಗಿಲ್ಲ. ಮಾಡುವವರು ಮಾಡಲಿ, ತಪ್ಪಲ್ಲ. ನನಗೆ ಆಗುವುದಿಲ್ಲ" ಎಂದಳು. ಮಾಮನ ಮಗನಿಗೂ ಅವಳೇ ಫೋನ್ ಮಾಡಿದಳು. ಇಪ್ಪತ್ತು ನಿಮಿಷ ಮಾತಾಡಿದರು. ಏನೆಂದು ನಾನು ಕೇಳಲಿಲ್ಲ.

ಮಾಮ ಆಮೇಲೆ ಒಂದು ವರ್ಷ ನಮ್ಮ ಮನೆಗೆ ಬರಲಿಲ್ಲ. ಪೆರ್ನಾಲ್‌ಗೆ ಉಮ್ಮ ಫೋನ್ ಮಾಡಿದರೆ ಮಾಮಿ ಎತ್ತುತ್ತಿದ್ದರು. "ನಿನ್ನ ಮೆಷಿನ್ ವಿದ್ಯೆಯಿಂದ ನನ್ನ ತಮ್ಮ ದೂರವಾದ" ಎಂದು ಉಮ್ಮ ಒಮ್ಮೆ ಅತ್ತರು. ನನ್ನ ಹತ್ತಿರ ಉತ್ತರ ಇರಲಿಲ್ಲ. ತಂಗಿಗೆ ಮರುವರ್ಷ ಉಳ್ಳಾಲದ ಕಡೆಯಿಂದ ಸಂಬಂಧ ಬಂತು. ಮೊದಲ ದಿನವೇ ಉಪ್ಪ ರಿಪೋರ್ಟ್ ಮೇಜಿನ ಮೇಲಿಟ್ಟು ಹೇಳಿದರು. ಒಂದು ಮನೆಯವರು ಅದಕ್ಕೂ ಮೊದಲು ಅದೇ ಕಾರಣಕ್ಕೆ ಎದ್ದು ಹೋಗಿದ್ದರು. ಇವರು ಹೋಗಲಿಲ್ಲ, ಹುಡುಗ ಸುಮ್ಮನೆ ಲ್ಯಾಬಿಗೆ ಹೋಗಿ ರಕ್ತ ಕೊಟ್ಟು ಬಂದ. ಎ2 2.6. ಈಗ ಅವಳಿಗೆ ಒಂದು ವರ್ಷದ ಮಗಳಿದ್ದಾಳೆ. ಕಬ್ಬಿಣದ ಮಾತ್ರೆಯನ್ನು ಬಸಿರಿನಲ್ಲಿ ಮಾತ್ರ, ಡಾಕ್ಟರ್ ಫೆರಿಟಿನ್ ನೋಡಿ ಹೇಳಿದಷ್ಟೇ ತಿಂದಳು.

ಕಳೆದ ತಿಂಗಳು ರಾತ್ರಿ ಹತ್ತು ಗಂಟೆಗೆ ಮಾಮನ ಫೋನ್ ಬಂತು, ನನಗೇ ನೇರವಾಗಿ. ಅವರ ಕೊನೆಯ ಮಗಳಿಗೆ ಪುತ್ತೂರಿನಿಂದ ಸಂಬಂಧ ಬಂದಿದೆಯಂತೆ.

"ಆವತ್ತಿನ ಆ ಲ್ಯಾಬಿನ ನಂಬರ್ ಉಂಟಾ?" ಎಂದರು. "ಯಾರ ರಕ್ತ ಮೊದಲು ಕೊಡಬೇಕು?"

"ನಿಮ್ಮ ಮಗಳದ್ದು. ಅವಳಿಗೆ ಇಲ್ಲ ಅಂತಾದರೆ ಹುಡುಗನದ್ದು ಕೇಳುವ ಅಗತ್ಯವೇ ಇಲ್ಲ" ಎಂದೆ.

"ಇದ್ದರೆ ನಾನೇ ಅವರಿಗೆ ಹೇಳುತ್ತೇನೆ. ನೀನು ಬರಬೇಕಾಗಿಲ್ಲ." ಸ್ವಲ್ಪ ತಡೆದು, "ಉಮ್ಮ ಮಲಗಿದರಾ?" ಎಂದು ಕೇಳಿದರು.

ಮಲಗಿರಲಿಲ್ಲ. ಫೋನ್ ಕೊಟ್ಟೆ. ಹುಡುಗಿ ಬುಧವಾರ ಹಿಂದೂಪುರದಲ್ಲಿ ರಕ್ತ ಕೊಟ್ಟಿದ್ದಾಳೆ. ರಿಪೋರ್ಟ್ ಇನ್ನೂ ಬಂದಿಲ್ಲ.